ಹಡಗುಗಳಿಗೆ ತರಕಾರಿ ಕಳಿಸುತ್ತಿದ್ದ ಕಾಕ

ಕಾಕನ ಎಡಗೈಯ ನಡುಬೆರಳು ಅರ್ಧಕ್ಕೇ ನಿಂತಿತ್ತು. ಪ್ರಾಯದಲ್ಲಿ ಮಂಗಳೂರಿನ ಮಂಜಿ ಹಡಗಿನಲ್ಲಿ ಕೆಲಸ ಮಾಡುವಾಗ ಹಗ್ಗಕ್ಕೆ ಸಿಕ್ಕಿ ಹೋದದ್ದಂತೆ. ಆ ಮೋಟು ಬೆರಳಿನಿಂದಲೇ ಅವರು ಬಹ್ರೇನಿನ ಮನಾಮದ ಮಾರ್ಕೆಟ್ಟಿನಲ್ಲಿ ಟೊಮೆಟೊ ಒತ್ತಿ ನೋಡುತ್ತಿದ್ದರು. ಹಣ್ಣಾದದ್ದನ್ನು ಬದಿಗಿಟ್ಟು, ಇನ್ನೂ ಗಟ್ಟಿಯಾಗಿರುವುದನ್ನೇ ಆರಿಸುತ್ತಿದ್ದರು. ಸಮುದ್ರದ ಮೇಲೆ ಅದು ನಿಧಾನಕ್ಕೆ ಹಣ್ಣಾಗಬೇಕಲ್ಲ.

ಅವರು ಹಡಗುಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದರ ಮ್ಯಾನೇಜರ್. ಬಂದರಿಗೆ ಬರುವ ಮತ್ತು ದೂರದಲ್ಲಿ ಲಂಗರು ಹಾಕಿ ನಿಲ್ಲುವ ಹಡಗುಗಳಿಗೆ ಅಕ್ಕಿ, ತರಕಾರಿ, ಮಾಂಸ, ಕುಡಿಯುವ ನೀರು ಮುಟ್ಟಿಸುವುದು ಕೆಲಸ. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ಹೆಂಡತಿ ಮಕ್ಕಳು ಊರಲ್ಲಿ, ಇವರು ಗುಫೂಲ್ ಬಡಾವಣೆಯಲ್ಲಿ ನಮ್ಮ ಕೆಳಗಿನ ಮಹಡಿಯ ಒಂಟಿ ಕೋಣೆಯಲ್ಲಿ. ಆಫೀಸಿನಲ್ಲಿ ಬಂಗಾಳಿ ಡ್ರೈವರನಿಂದ ಹಿಡಿದು ಬಹ್ರೇನಿ ಮಾಲೀಕರವರೆಗೆ ಎಲ್ಲರಿಗೂ ಅವರು ಕಾಕ.

ನಾನು ದಾವಣಗೆರೆಯವಳು. ಗಂಡ ಸಿತ್ರಾದ ಅಲ್ಯುಮಿನಿಯಂ ಸಾಮಾನಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಅಮೆರಿಕ ಸರ್ಕಾರ ಒಂದು ಕಡೆ ಏಷ್ಯಾದ ದೇಶಗಳ ಸರಕಿಗೆಲ್ಲ ಸುಂಕ ಏರಿಸುತ್ತ, ಇನ್ನೊಂದು ಕಡೆ ಇರಾನಿನ ಜೊತೆ ಅಣುಶಕ್ತಿಯ ಒಪ್ಪಂದಕ್ಕೆ ಮಾತಿಗೆ ಕೂರುತ್ತಿದ್ದ ಕಾಲವದು. ಸುಂಕ ಏರಿದ್ದಕ್ಕೆ ಕಾರ್ಖಾನೆಗೆ ಬರುತ್ತಿದ್ದ ಆರ್ಡರು ಇಳಿಯಿತು, ಒಂದು ಪಾಳಿ ನಿಂತಿತು, ನನ್ನ ಗಂಡನ ಸಂಬಳಕ್ಕೂ ಕತ್ತರಿ ಬಿತ್ತು. ಇದನ್ನು ಹೇಗೋ ತಿಳಿದ ಕಾಕ ಒಂದು ದಿನ ಲಿಫ್ಟಿನಲ್ಲಿ ನೀನು ಓದಿದ್ದು ಏನು ಎಂದು ಕೇಳಿದರು. ಬಿಕಾಂ ಎಂದೆ. ಲಿಫ್ಟು ಕೆಳಗೆ ಮುಟ್ಟುವಷ್ಟರಲ್ಲಿ ನನಗೆ ಕೆಲಸ ಸಿಕ್ಕಿತ್ತು.

ಟಿವಿಯಲ್ಲಿ ಮಾತುಕತೆಯ ಸುದ್ದಿ ಬಂದರೆ ಅವರು ಊಟದ ಡಬ್ಬಿ ಮುಚ್ಚಿಟ್ಟು ನೋಡುತ್ತಿದ್ದರು. ನಮಗೆ ಅದು ದೊಡ್ಡವರ ರಾಜಕೀಯ, ಅವರಿಗೆ ಹವಾಮಾನ ವರದಿ. ಮಂತ್ರಿಗಳು ನಗುತ್ತ ಕೈ ಕುಲುಕಿದರೆ ನಾಳೆ ಹಡಗುಗಳು ಬರುತ್ತವೆ, ಮುಖ ತಿರುಗಿಸಿದರೆ ಹೊರಗೇ ನಿಲ್ಲುತ್ತವೆ. "ಅವರು ಕೂತು ಮಾತಾಡಿದ್ರೆ ನಮ್ಮ ಟೊಮೆಟೊ ಹೋಗ್ತದೆ," ಎನ್ನುತ್ತಿದ್ದರು. ಹೊಸ ಹಡಗು ಬಂತೆಂದರೆ ಕ್ಯಾಪ್ಟನ್ ಯಾರು ಎಂದು ಕೇಳುವವರಲ್ಲ. ಅಡುಗೆಯವನು ಯಾವ ಊರಿನವನು ಎಂದು ಕೇಳಿ, ಅವನ ಊರಿಗೆ ತಕ್ಕಂತೆ ಬಿಲ್ಲಿಗೆ ಹತ್ತದ ಏನಾದರೊಂದನ್ನು ಪೆಟ್ಟಿಗೆಯ ಮೂಲೆಗೆ ತುರುಕುತ್ತಿದ್ದರು. ನಮ್ಮ ಕಡೆಯವನಾದರೆ ಕರಿಬೇವು, ಫಿಲಿಪಿನೋ ಆದರೆ ವಿನಿಗರ್.

ಆ ವರ್ಷ ಬಿಸಿಲು ಏರುವ ಮೊದಲು ಒಂದು ಸಣ್ಣ ಟ್ಯಾಂಕರು ಬಂದು ದೂರದಲ್ಲಿ ಲಂಗರು ಹಾಕಿತು. ಇರಾನಿನ ಎಣ್ಣೆ ಸಾಗಿಸಿದೆ ಎಂಬ ಅನುಮಾನದ ಮೇಲೆ ಅಮೆರಿಕ ಅದನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಮರುವಾರವೇ ಹಡಗಿನ ಮಾಲೀಕ ಫೋನು ಎತ್ತುವುದನ್ನು ನಿಲ್ಲಿಸಿದ. ಬಂದರಿನಲ್ಲಿ ಹಡಗಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಏಜೆಂಟನೂ ಕೈಬಿಟ್ಟ. ಒಳಗಿದ್ದ ನಾವಿಕರು ಇಳಿಯುವಂತಿರಲಿಲ್ಲ, ಹಡಗು ಹೊರಡುವಂತಿರಲಿಲ್ಲ. ಅದರ ಅಡುಗೆಯವನು ಕಾರವಾರದವನು. ಹಿಂದೆ ಬೇರೆ ಹಡಗಿನಲ್ಲಿದ್ದಾಗ ಕಾಕನ ಕರಿಬೇವು ತಿಂದವನು. ಸಿಗ್ನಲ್ ಸಿಕ್ಕಾಗ ಅವರಿಗೇ ಫೋನು ಮಾಡಿದ. ಸಿಹಿನೀರು ಮುಗಿದಿದೆ, ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು ಅನ್ನ ಮಾಡುತ್ತಿದ್ದೇವೆ ಎಂದ.

ನಮ್ಮ ಮಾಲೀಕರು ಕೆಟ್ಟವರಲ್ಲ. ಆದರೆ ಬ್ಯಾಂಕಿನ ಎಚ್ಚರಿಕೆ ಬಂದಾಗಿತ್ತು. ಆ ಹಡಗಿನ ಜೊತೆ ವ್ಯವಹಾರ ಮಾಡಿದವರ ಖಾತೆಯೇ ನಿಲ್ಲಬಹುದು. ಒಂದು ಹಡಗಿನವರ ಹೊಟ್ಟೆ ನೋಡಲು ಹೋದರೆ ಇಲ್ಲಿ ಇಷ್ಟೂ ಮನೆಗಳ ಒಲೆ ಆರುತ್ತದೆ ಎಂದು ಅವರು ಕಾಕನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಕಾಕ ವಾದ ಮಾಡಲಿಲ್ಲ. ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು, ಇಂಗ್ಲಿಷಿನಲ್ಲಿರುವ ಆ ನಿರ್ಬಂಧದ ಕಾನೂನು ಪೂರ್ತಿ ಓದಿ ಅರ್ಥ ಹೇಳು ಎಂದರು. ಎರಡು ದಿನ ಕೂತು ಓದಿದೆ. ಹಡಗಿಗೆ ಎಣ್ಣೆ, ಬಿಡಿಭಾಗ ಏನೂ ಕೊಡುವಂತಿಲ್ಲ. ನಾವಿಕರ ಜೀವ ಉಳಿಸುವ ಅನ್ನ, ನೀರು, ಔಷಧಿಗೆ ದಾರಿ ಇರುವಂತೆ ಕಂಡಿತು. ಆದರೆ ಅದನ್ನು ಬ್ಯಾಂಕು ಒಪ್ಪಬೇಕು.

ಬ್ಯಾಂಕಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿದ್ದವಳು ಬೆಂಗಳೂರಿನ ಹುಡುಗಿ. ಕನ್ನಡ ಕೇಳಿ ಮುಖ ಅರಳಿತು, ಹಡಗಿನ ಹೆಸರು ಕೇಳಿ ಬಾಡಿತು.

"ಸರ್, ಆ ವೆಸೆಲ್ ಲಿಸ್ಟಲ್ಲಿದೆ. ನಮ್ಮ ಕೈಲಿ ಏನೂ ಇಲ್ಲ."

"ಹಡಗಿನ ಹೆಸರು ಉಂಟು, ಸರಿ," ಎಂದರು ಕಾಕ. "ಅದ್ರಲ್ಲಿ ಅಡುಗೆಯವನ ಹೆಸರು ಉಂಟಾ, ಸ್ವಲ್ಪ ನೋಡಿ ಹೇಳ್ತೀರಾ?"

ಅವಳು ನಿಜಕ್ಕೂ ಕಂಪ್ಯೂಟರಿನಲ್ಲಿ ಹುಡುಕಿದಳು. ಒಬ್ಬೊಬ್ಬ ನಾವಿಕನ ಹೆಸರನ್ನೂ ಕಾಕ ಬಾಯಲ್ಲೇ ಹೇಳುತ್ತ ಹೋದರು. ಕೊನೆಗೆ, "ಯಾರೂ ಇಲ್ಲ ಸರ್," ಎಂದಳು.

"ಹಾಗಾದ್ರೆ ಅವರಿಗೆ ನೀರು ಕೊಡ್ಲಿಕ್ಕೆ ನಿಮ್ಮ ಅಡ್ಡಿ ಇಲ್ಲ ಅಂತಾಯ್ತಲ್ಲ, ಮಗಳೇ."

ಅವಳು ಎದ್ದು ಒಳಗೆ ಹೋಗಿ ಬಹಳ ಹೊತ್ತು ಯಾರ ಜೊತೆಗೋ ಮಾತಾಡಿ ಬಂದಳು. ನಮ್ಮ ಕಂಪನಿ ಬಿಲ್ ಮಾಡಬಾರದು, ನಾವಿಕರ ನೆರವಿಗಿರುವ ಯಾವುದಾದರೂ ಸಂಸ್ಥೆ ದಾನವಾಗಿ ಕಳಿಸಿದರೆ, ಬಂದರಿನವರು ಒಪ್ಪಿದರೆ, ಬ್ಯಾಂಕು ಕೇಳುವುದು ಏನೂ ಇರುವುದಿಲ್ಲ ಎಂದಳು. ಅಂಥ ಸಂಸ್ಥೆಯವರನ್ನು, ಬಂದರಿನ ಅಧಿಕಾರಿಯನ್ನು, ಕರಾವಳಿ ಕಾವಲಿನವರನ್ನು ಕಾಕ ಬಿಸಿಲಲ್ಲಿ ಅಲೆದು ಒಪ್ಪಿಸಿದರು. ಮಾರ್ಕೆಟ್ಟಿನ ವ್ಯಾಪಾರಿಗಳು ಚೀಲ ಚೀಲ ತರಕಾರಿ ಕೊಟ್ಟರು. ಮಾಲೀಕರು ಕಾಕನನ್ನು ಕರೆದು, "ನಿನಗೆ ಇವತ್ತು ರಜೆ. ರಜೆಯಲ್ಲಿ ಎಲ್ಲಿಗೆ ಹೋಗುತ್ತೀ ಅಂತ ನಾನು ಕೇಳುವವನಲ್ಲ," ಎಂದರಂತೆ. ಅದನ್ನು ಹೇಳುವಾಗ ಕಾಕ ಮಗುವಿನ ಹಾಗೆ ನಗುತ್ತಿದ್ದರು.

ಅಲ್ಲಿಂದ ವಾರಕ್ಕೊಮ್ಮೆ ದೋಣಿ ಹೋಗುತ್ತಿತ್ತು. ಅಷ್ಟರಲ್ಲಿ ಮಾತುಕತೆ ಮುರಿಯಿತು. ಆಚೆ ದಡದ ಇರಾನಿನ ಮೇಲೆ ಬಾಂಬು ಬಿತ್ತು, ನಮ್ಮ ಆಕಾಶದಲ್ಲಿ ವಿಮಾನ ನಿಂತಿತು, ದೋಣಿಗಳಿಗೆ ಅಪ್ಪಣೆ ನಿಂತಿತು. ಅಂಗಡಿಗಳಲ್ಲಿ ಜನ ನೀರಿನ ಬಾಟಲಿಗೆ ಮುಗಿಬಿದ್ದರು. ಅಣುಸ್ಥಾವರಕ್ಕೆ ಏಟು ಬಿದ್ದರೆ ಸಮುದ್ರದಿಂದ ತೆಗೆಯುವ ನಮ್ಮ ಕುಡಿಯುವ ನೀರಿನ ಗತಿ ಏನು ಎಂಬ ಭಯ ಎಲ್ಲರಿಗೂ ಇತ್ತು. ನನ್ನ ಮಗಳು ಸ್ನಾನಕ್ಕೂ ಹೆದರುತ್ತಿದ್ದಳು. ಕಾಕ ದಿನವೂ ತರಕಾರಿ ಹೇರಿಕೊಂಡು ದೋಣಿ ಹೊರಡುವ ದಕ್ಕೆಗೆ ಹೋಗುವರು, ಅಪ್ಪಣೆ ಇಲ್ಲವೆಂದಾಗ ಅದನ್ನು ಕಾರ್ಮಿಕರ ಕ್ಯಾಂಪಿಗೆ ಕೊಟ್ಟು ಬರುವರು. ಸಂಜೆ ಅಡುಗೆಯವನಿಗೆ ಫೋನು ಹಚ್ಚಿ, ಇವತ್ತು ಏನು ಮಾಡಿದೆ ಎಂದು ಕೇಳುವರು. ಗಂಜಿ ಎನ್ನುವನು, ಬೇಳೆ ಎನ್ನುವನು. ಒಂದು ಸಂಜೆ, ಇವತ್ತು ಒಲೆ ಹಚ್ಚಲಿಲ್ಲ ಎಂದ. ಕಾಕ ಫೋನು ಕಿವಿಗೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತರು. ಕರೆ ಕಡಿಯಲು ಇಬ್ಬರಿಗೂ ಮನಸ್ಸಿಲ್ಲದಂತಿತ್ತು.

ಕದನ ನಿಂತಿತೆಂಬ ಸುದ್ದಿ ಬಂದ ಮೇಲೆ ಹೊರಟ ಮೊದಲ ದೋಣಿಗಳಲ್ಲಿ ಅವರದೂ ಒಂದು. ಹಟ ಮಾಡಿ ನಾನೂ ಹೋದೆ. ತುಕ್ಕು ಹಿಡಿದ ಹಡಗಿನ ಬದಿಯಲ್ಲಿ ಗಡ್ಡ ಬಿಟ್ಟ ಮುಖಗಳು ಸಾಲಾಗಿ ಬಗ್ಗಿದ್ದವು. ಮೇಲಿನಿಂದ ಹಗ್ಗದಲ್ಲಿ ಬುಟ್ಟಿ ಇಳಿಯಿತು. ಖಾಲಿ ಇರಲಿಲ್ಲ. ತಟ್ಟೆಯಲ್ಲಿ ಒಂದು ಹುರಿದ ಮೀನು. ಗಾಳ ಹಾಕಿ ಹಿಡಿದದ್ದು. ತಿನ್ನಲು ಏನೂ ಇಲ್ಲದವರು ಕಳಿಸಿದ್ದಾರೆ, ವಾಪಸು ಮಾಡಿ ಎಂದು ನಾನು ಪಿಸುಗುಟ್ಟಿದೆ. ಕಾಕ ನನ್ನನ್ನೇ ನೋಡಿದರು.

"ಹಾಗೆ ಮಾಡಿದ್ರೆ ಅವ್ರು ಭಿಕ್ಷುಕರಾಗ್ತಾರೆ ಮಾರಾಯ್ತಿ. ಈಗ ನಾವು ನೆಂಟರು."

ದೋಣಿಯಲ್ಲೇ ಕೂತು, ಅವರೆಲ್ಲ ನೋಡುತ್ತಿರುವಂತೆ, ಮುಳ್ಳು ಬಿಡಿಸಿ ಪೂರ್ತಿ ತಿಂದರು. ತಟ್ಟೆ ತೊಳೆದು ಬುಟ್ಟಿಯಲ್ಲಿಟ್ಟ ಮೇಲೆಯೇ ಅದರ ಮೇಲೆ ಅಕ್ಕಿ ಏರಿಸಿದರು.

ರಾಯಭಾರ ಕಚೇರಿ, ಬಂದರು, ಕೋರ್ಟು ಎಲ್ಲ ಸುತ್ತಿ, ಚಳಿಗಾಲದ ಹೊತ್ತಿಗೆ ಆ ನಾವಿಕರು ಊರಿಗೆ ಹೋದರು. ಮುಹರ್ರಕ್ಕಿನ ವಿಮಾನ ನಿಲ್ದಾಣಕ್ಕೆ ಕಾಕ ಬಂದಿದ್ದರು. ಅಡುಗೆಯವನು ಕಾಲು ಮುಟ್ಟಲು ಬಗ್ಗಿದಾಗ ಹಿಡಿದೆತ್ತಿ, ಮೊದಲು ಗಡ್ಡ ತೆಗಿ, ನಿನ್ನ ಹೆಂಡತಿ ಗುರುತು ಹಿಡಿಯುವುದಿಲ್ಲ ಎಂದರು.

ಮುಂದೆ ಮತ್ತೆ ಮಾತುಕತೆ ನಡೆಯಿತು, ಮತ್ತೆ ಮುರಿಯಿತು. ಈ ಸಲ ಸೈರನ್ನು ನಮ್ಮ ಬೀದಿಯಲ್ಲೇ ಕೂಗಿತು. ವಿಮಾನಗಳೆಲ್ಲ ನಿಂತ ಆ ದಿನಗಳಲ್ಲೇ ಒಂದು ಬೆಳಿಗ್ಗೆ ಕಾಕ ಮೆಟ್ಟಿಲ ಮೇಲೆ ಕುಸಿದರು. ಹೃದಯದ ತೊಂದರೆ. ಆಸ್ಪತ್ರೆಯಲ್ಲಿ ನಾನು, ನನ್ನ ಗಂಡ, ಮಾಲೀಕರು ಇದ್ದೆವು. ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಹೋದರು.

ಊರಿಗೆ ಕಳಿಸಲು ವಿಮಾನವಿಲ್ಲ, ಮಕ್ಕಳು ಬರಲೂ ದಾರಿಯಿಲ್ಲ. ಎಷ್ಟು ದಿನ ಬೇಕಾದರೂ ಶವಾಗಾರದಲ್ಲಿ ಇಡಿಸುತ್ತೇನೆ, ಆಕಾಶ ತೆರೆದ ಕೂಡಲೇ ಕಳಿಸುತ್ತೇನೆ ಎಂದು ಕಾಕನ ಮನೆಗೆ ಫೋನಿನಲ್ಲಿ ತಿಳಿಸಲು ಮಾಲೀಕರು ನನಗೆ ಹೇಳಿಕೊಟ್ಟರು. ಕಾಕನ ಹೆಂಡತಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮಗ ಫೋನನ್ನು ಅವರ ಕೈಗೆ ಕೊಟ್ಟ. ನಾನು ಹೇಳಿದ್ದನ್ನೆಲ್ಲ ಅವರು ಕೊನೆಯವರೆಗೆ ಕೇಳಿಸಿಕೊಂಡರು.

"ಬೇಡ ಮಗಳೇ," ಎಂದರು. "ಆಯಸ್ಸಿಡೀ ಕಾದದ್ದು ನಾನೊಬ್ಬಳು ಸಾಕು. ಅವರನ್ನು ಕಾಯಿಸ್ಬೇಡಿ."

ಅಂದೇ ಸಂಜೆ ಮಾಲೀಕರು ಮೊದಲ ಹೆಗಲು ಕೊಟ್ಟರು. ನಾನು ಕಬರಸ್ತಾನದ ಗೇಟಿನ ಹೊರಗೆ ನಿಂತಿದ್ದೆ. ತಲೆಯ ಮೇಲೆ ಒಂದು ವಿಮಾನವೂ ಹಾರದ ಆಕಾಶ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ನನಗೆ ಗೊತ್ತಾದದ್ದು ಆಗ.