ಗಾಳಿಗೆ ಬಿಟ್ಟ ನೀಲಿ

ಸೇಬು ಹೆಚ್ಚಿಟ್ಟು ಫೋನಿನಲ್ಲಿ ಮಾತಿಗೆ ನಿಂತರೆ ಮುಗಿಯಿತು, ಹೋಳುಗಳು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತವೆ. ಮೊಮ್ಮಗಳು ಮೂಗು ಮುರಿದು, "ಯಾಕ ಹಿಂಗಾಗ್ತೈತಿ?" ಎನ್ನುತ್ತಾಳೆ. ಕೊಯ್ದ ಜಾಗಕ್ಕೆ ಗಾಳಿಯ ಆಮ್ಲಜನಕ ತಾಗಿ ಹಣ್ಣಿನ ರಸ ಬಣ್ಣ ಬದಲಿಸುತ್ತದೆ, ಬದನೆಕಾಯಿ ಕಪ್ಪಾಗುವುದೂ ಹೀಗೆಯೇ, ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಇದೇ ಗಾಳಿ ಎಂದು ಹೇಳುತ್ತೇನೆ. ಮನಸ್ಸು ಮಾತ್ರ ಅಷ್ಟೊತ್ತಿಗೆ ಇಳಕಲ್ಲಿನ ನಮ್ಮ ಹಿತ್ತಲಿಗೆ ಹೋಗಿರುತ್ತದೆ.

ಅಲ್ಲಿ ಸೀರೆಯ ನೂಲಿಗೆ ಬಣ್ಣ ಕೊಡುವ ನೀಲಿಯ ಹರವಿ ಇತ್ತು, ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಗಡಿಗೆ. ಗಾಳಿ ಹೊಕ್ಕರೆ ಬಣ್ಣ ಸಾಯುತ್ತದೆಂದು ಸದಾ ಮುಚ್ಚಿರುತ್ತಿದ್ದರು. ಆದರೆ ಅದರೊಳಗೆ ಅದ್ದಿ ತೆಗೆದ ನೂಲು ಹಳದಿ ಬೆರೆತ ಹಸಿರು. ಗಾಳಿಗೆ ಹಿಡಿದರೇನೇ ಅದು ಕಣ್ಣೆದುರಿಗೆ ನೀಲಿಯಾಗುವುದು. ಅಜ್ಜನ ಕಣ್ಣಿಗೆ ಪೊರೆ ಬಂದ ಮೇಲೆ ಆ ಕೆಲಸವೆಲ್ಲ ಗಂಗತ್ತೆಯದು, ನನ್ನ ಅಪ್ಪನ ತಂಗಿ. ಮುಂಗೈ ತುಂಬ ನೀಲಿ. ಹೆಣ್ಣು ನೋಡಲು ಬರುತ್ತಾರೆಂದು ಅಜ್ಜಿ ಅವಳನ್ನು ತಿಂಗಳುಗಟ್ಟಲೆ ಹರವಿಯ ಹತ್ತಿರ ಬಿಡದೆ, ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಕೈ ತಿಳಿ ಮಾಡಿದ್ದಳು.

ಅಂದು ಗುಡೂರಿನ ಬೀಗರು ತಡಮಾಡಿದರು. ಹೆಚ್ಚಿಟ್ಟ ಸೇಬು ಕಂದಿತು. ಅಜ್ಜ ನೂಲು ಮುಳುಗಿಸಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಅತ್ತೆ ಮುಚ್ಚಳ ಸರಿಸಿ ನೋಡಿದರೆ ನೂಲಿನ ಲಡಿಗಳು ಮೇಲೆ ತೇಲುತ್ತಿವೆ. ಗಾಳಿ ತಾಗಿದಲ್ಲೆಲ್ಲ ಕಲೆ ಬಿದ್ದು ನೂಲೆಲ್ಲ ಹಾಳಾಗುತ್ತಿತ್ತು. ಅಯ್ಯೋ, ರೇಷ್ಮೆ ಸೀರೆಯುಟ್ಟು ನಿಂತವಳು, ಬಳೆ ಮೇಲೇರಿಸಿ, ಲಡಿಗಳನ್ನು ಒಳಗೆ ಅದುಮಲು ಎರಡೂ ಕೈ ಹಾಕಿಯೇ ಬಿಟ್ಟಳು! ಅಷ್ಟರಲ್ಲಿ ಬೀಗರು ಬಾಗಿಲಿಗೆ ಬಂದರು. ಗಡಬಡಿಸಿ ಕೈ ತೊಳೆದು ಹಣ್ಣಿನ ತಾಟು ಹಿಡಿದು ಹೋದಳು. ಎಲ್ಲರೂ ನೋಡನೋಡುತ್ತಿದ್ದಂತೆ ಆ ಹಸಿರು ಕೈ ನೀಲಿಯಾಗತೊಡಗಿತು.

ಗಂಡಿನ ತಾಯಿ ಕಂದಿದ ಹಣ್ಣು ನೋಡಿದಳು, ಕೈ ನೋಡಿದಳು. "ಏನವಾ, ಕೈಗೇನಾತು?"

"ಗಾಳಿ ಬಡದೈತ್ರಿ," ಎಂದಳು ಅತ್ತೆ. ಹುಡುಗ ನಕ್ಕುಬಿಟ್ಟ. ಆ ನಗುವಿಗೆ ಅವಳು ಸೋತಳು, ಅದೂ ಖರೆ.

"ಹುಡುಗಿ ಛಲೋ ಅದಾಳ. ಬಣ್ಣದ ಕೆಲಸ ಬಿಟ್ರ ಒಪ್ಪಿಗಿ," ಎಂದು ಆ ತಾಯಿ ಹೇಳಿದಳು. ಅತ್ತೆ ಆ ರಾತ್ರಿ ಉಣ್ಣಲಿಲ್ಲ. "ಒಬ್ಬನ ಹೆಂಗ ಮಾಡ್ತೀಯೋ ಅಪ್ಪಾ?" ಎಂದು ಅತ್ತಳು. ಅಜ್ಜ, "ಹರವಿ ಎಲ್ಲಿಗಿ ಹೋಗ್ತೈತಿ? ನಾ ಕಾಯ್ತೀನಿ. ಪಂಚಮಿಗಿ ಬಂದು ಕೈ ಹಾಕಂತಿ, ಹೋಗು," ಎಂದ.

ಮದುವೆಯಾಯಿತು. ಅಜ್ಜ ಒಬ್ಬನೇ ಮಾಡಿ ನೋಡಿದ. ನೂಲೆಲ್ಲ ಕಲೆ ಕಲೆ. ಒಂದು ಮಧ್ಯಾಹ್ನ ಮುಚ್ಚಳ ತೆಗೆದು ಗೋಡೆಗೆ ಆನಿಸಿಟ್ಟ, ಮತ್ತೆ ಮುಚ್ಚಲಿಲ್ಲ. ಇನ್ನು ಬಣ್ಣ ಸಾಯುತ್ತದೆಂದು ನಮಗೆಲ್ಲ ಗೊತ್ತಿತ್ತು.

ಪಂಚಮಿಗೆ ಬಂದ ಅತ್ತೆ ಹಬ್ಬದ ಉಂಡಿಯ ತಾಟನ್ನೂ ನೋಡದೆ ಹಿತ್ತಲಿಗೆ ಓಡಿ ಹರವಿಗೆ ಕೈ ಅದ್ದಿದಳು. ಹಿಡಿ ತುಂಬ ತಣ್ಣನೆಯ ರಾಡಿ ಬಂತು. ಅಜ್ಜ ಹಿಂದೆ ಬಂದು ನಿಂತಿದ್ದ. ಅವಳ ಕೈಗೆ ಮೆತ್ತಿದ್ದ ಸತ್ತ ನೀಲಿ ಒಂದೇ ತಂಬಿಗೆ ನೀರಿಗೆ ಪೂರ್ತಿ ತೊಳೆದುಹೋಯಿತು. ಆ ಬರಿಗೈ ಸೆರಗಿಗೆ ಒರೆಸಿಕೊಂಡು ಅತ್ತೆ, "ಅಪ್ಪಾ, ಊಟಾ ಮಾಡಿಯೇನು?" ಎಂದು ಕೇಳಿದಳು.