ಡ್ವೈಟ್ ಕಲಿತ ನೂರಿಪ್ಪತ್ತು ಸನ್ನೆ

ವೆಲ್ಮಾ ಟ್ಯಾಕೆಟ್‌ಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅದರಿಂದ ಅವಳಿಗೆ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. ತೊಂದರೆಯೆಲ್ಲ ಬಂದದ್ದು ಕಿವಿ ಕೇಳುವವರಿಂದ. ಕ್ಯಾನ್ಸಸ್‌ನ ಗೋಧಿ ಸೀಮೆಯ ಆ ಹುಡುಗಿಯನ್ನು ಆರನೇ ವಯಸ್ಸಿಗೆ ಕಿವುಡು ಮಕ್ಕಳ ವಸತಿಶಾಲೆಗೆ ಸೇರಿಸಿದರು. ಅಲ್ಲಿ ಸನ್ನೆಯಲ್ಲಿ ಮಾತಾಡುವುದು ದೊಡ್ಡ ಅಪರಾಧ. ಬಾಯಿಂದಲೇ ಸದ್ದು ಹೊರಡಿಸಬೇಕು, ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಕೈ ಎತ್ತಿದರೆ ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯ ಏಟು. ಆದರೂ ಮಕ್ಕಳು ಕಕ್ಕಸುಮನೆಯಲ್ಲಿ, ಮೇಷ್ಟರ ಬೆನ್ನ ಹಿಂದೆ, ಕೈಯಲ್ಲೇ ಮಾತಾಡಿಕೊಂಡು ಬೆಳೆದರು. ಜಗಳ, ಚಾಡಿ, ಹಸಿಸುಳ್ಳು, ದೆವ್ವದ ಕಥೆ, ಮುಂದೆ ಯಾರು ಯಾರನ್ನು ಮದುವೆಯಾಗಬೇಕೆಂಬ ಲೆಕ್ಕಾಚಾರ, ಎಲ್ಲವೂ ಆ ಕೈಗಳಲ್ಲೇ ನಡೆಯಿತು.

ಮನೆಯಲ್ಲೂ ಸನ್ನೆ ಮಾಡಕೂಡದು, ಮಾಡಿದರೆ ಮಗು ಎಂದೂ ಬಾಯಿ ಬಿಡುವುದಿಲ್ಲ ಎಂದು ಶಾಲೆಯವರು ಅಪ್ಪ ಅಮ್ಮಂದಿರಿಗೆ ತಾಕೀತು ಮಾಡಿದ್ದರು. ಅಪ್ಪ ಆರ್ಲೋ ಒಳ್ಳೆಯ ಮನುಷ್ಯ, ಅಂದರೆ ದೊಡ್ಡವರು ಹೇಳಿದ್ದಕ್ಕೆ ಎದುರಾಡದವನು. ರಜೆಗೆ ಬಂದ ಮಗಳಿಗೆ ಬೆರಳು ಮಾಡಿ ತೋರಿಸುತ್ತಿದ್ದ, ಅಷ್ಟೇ. ತಟ್ಟೆ. ಹಸು. ಬಾಗಿಲು.

ಅವಳಿಗೆ ಹನ್ನೊಂದಾದಾಗ, ಡಿಸೆಂಬರ್‌ನಲ್ಲಿ, ಅಮ್ಮ ತೀರಿಕೊಂಡಳು. ಮಗುವಿನ ಪಾಠ ಕೆಡುತ್ತದೆಂದು ಶಾಲೆಯವರು ಸುದ್ದಿ ತಿಳಿಸಲಿಲ್ಲ. ಜೂನ್‌ನಲ್ಲಿ ಊರಿಗೆ ಬಂದ ವೆಲ್ಮಾ ಅಡುಗೆಮನೆ, ಕೋಳಿಗೂಡು, ತೋಟವೆಲ್ಲ ಹುಡುಕಿದಳು. ಕೊನೆಗೆ ಅಪ್ಪ ಅವಳನ್ನು ಸ್ಮಶಾನಕ್ಕೆ ಕರೆದೊಯ್ದು ಒಂದು ಕಲ್ಲಿನ ಕಡೆಗೆ ಬೆರಳು ಮಾಡಿದ. ಹೇಗೆ ಸತ್ತಳು, ನನ್ನನ್ನು ಕೇಳಿದಳೇ, ಕೊನೆಗೆ ಏನಂದಳು? ಎದುರಿಗಿರುವ ಕಲ್ಲನ್ನು ತೋರಿಸಲು ಬೆರಳು ಸಾಕು. ಕಣ್ಮರೆಯಾದವಳು ಆರು ತಿಂಗಳ ಹಿಂದೆ ಆಡಿದ ಮಾತನ್ನು ಬೆರಳು ತೋರಿಸಿ ಹೇಳಲು ಯಾರಿಂದಾದೀತು?

ಕಫ ಕಟ್ಟಿ ಜ್ವರ ಬಂದು ಸತ್ತಳೆಂದು ಆಮೇಲೆ ಚಿಕ್ಕಮ್ಮನ ಕಾಗದದಿಂದ ತಿಳಿಯಿತು. ಆದರೆ ಕೊನೆಯ ರಾತ್ರಿ ಆ ಕೋಣೆಯಲ್ಲಿ ಇದ್ದವನು ಅಪ್ಪ ಒಬ್ಬನೇ. ಅವನಿಗೆ ಓದುಬರಹ ಬಾರದು. ವೆಲ್ಮಾ ಬರೆದು ಕೇಳಿದ ಕಾಗದಗಳನ್ನು ನೆರೆಯವರು ಓದಿ ಹೇಳಿದರೆ, ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದನಂತೆ. ಹೆಂಡತಿಯ ಕೊನೆಯ ಮಾತನ್ನು ಊರವರ ಕೈಯಲ್ಲಿ ಬರೆಸಲು ಅವನಿಗೆ ಮನಸ್ಸಿರಲಿಲ್ಲ. ಹೀಗೇ ನಲವತ್ತು ವರ್ಷ ಸರಿದುಹೋಯಿತು.

ಲಾಂಡ್ರಿಯಲ್ಲಿ ಅರ್ಧ ಆಯಸ್ಸು ಸವೆಸಿದ ಮೇಲೆ ವೆಲ್ಮಾಗೆ ವಿಶ್ವವಿದ್ಯಾಲಯದ ಚಿಂಪಾಂಜಿ ಮನೆಯಲ್ಲಿ ಅಡುಗೆ, ಕಸಮುಸುರೆಯ ಕೆಲಸ ಸಿಕ್ಕಿತು. ಡಾಟಿ ಎಂಬ ಹೆಣ್ಣು ಚಿಂಪಾಂಜಿಗೆ ಅಲ್ಲಿನ ಪಂಡಿತರು ಮಾತು ಕಲಿಸುತ್ತಿದ್ದರು. ಕಲಿಸುತ್ತಿದ್ದುದು ಯಾವ ಮಾತು? ವೆಲ್ಮಾಳ ಕೈಗೆ ಏಟು ತಿನ್ನಿಸಿದ್ದ ಅದೇ ಸನ್ನೆಗಳು. ಡಾಟಿ ಒಂದೊಂದು ಸನ್ನೆ ಮಾಡಿದಾಗಲೂ ಬಾಯಿಗೆ ಒಣದ್ರಾಕ್ಷಿ ಬೀಳುತ್ತಿತ್ತು. ಮೊದಲ ದಿನ ಅದನ್ನು ನೋಡಿ ವೆಲ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆಗೆ ಹೋಗಿ ಅತ್ತಳು.

ಡಾಟಿಯ ಜೊತೆಗೇ ಕಲಿತವನು ಡ್ವೈಟ್ ಎಂಬ ವಿದ್ಯಾರ್ಥಿ. ಅವಳಿಗೆ ಬರುತ್ತಿದ್ದ ನೂರಿಪ್ಪತ್ತು ಸನ್ನೆ ಅವನಿಗೂ ಬರುತ್ತಿದ್ದವು. ಅದಕ್ಕಿಂತ ಹೆಚ್ಚು ಅವನಿಗೆ ಬೇಕಾಗಿರಲಿಲ್ಲ. ವೆಲ್ಮಾಳ ಹತ್ತಿರ ಏನಾದರೂ ಹೇಳಬೇಕಾದರೆ ಅವಳ ಕೈಚೀಲದಲ್ಲಿದ್ದ ಪುಸ್ತಕದಲ್ಲಿ ಬರೆಯುತ್ತಿದ್ದ. ಒಂದು ದಿನ, ಡಾಟಿ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಅಲ್ಲವೇ ಎಂದು ಬರೆದ. ವೆಲ್ಮಾ ಪೆನ್ನು ಕಸಿದುಕೊಂಡು ಬರೆದಳು:

"ಕೊಡು, ತೆಗಿ, ಕಚಗುಳಿ ಇಡು. ಎರಡು ವರ್ಷದಿಂದ ಇಷ್ಟೇ ಕಣಪ್ಪಾ. ನಿನ್ನೆ ಏನಾಯ್ತು ಅಂತ ಒಂದಿನಾನಾದ್ರೂ ಹೇಳಿದಾಳಾ? ಎಲ್ಲಿಗೆ ಹೋಗಿದ್ದೆ ಅಂತ ನಿನ್ನ ಕೇಳಿದಾಳಾ? ನಮ್ಮ ಕಿವುಡು ಮಕ್ಕಳು ಮೂರು ವರ್ಷಕ್ಕೇ ಲೋಟ ಒಡೆದು, ಬೆಕ್ಕು ಒಡೀತು ಅಂತವೆ."

ಡಾಟಿ ಇನ್ನೂ ಚಿಕ್ಕವಳು ಎಂದು ಬರೆದು ಡ್ವೈಟ್ ನಕ್ಕುಬಿಟ್ಟ.

ಎಪ್ಪತ್ತನಾಲ್ಕರ ಮಾರ್ಚ್‌ನಲ್ಲಿ ವೃದ್ಧಾಶ್ರಮದಿಂದ ಸುದ್ದಿ ಬಂತು. ಆರ್ಲೋಗೆ ಲಕ್ವ ಹೊಡೆದಿದೆ, ಇನ್ನೆರಡು ದಿನ ಉಳಿದರೆ ಹೆಚ್ಚು, ಮಗಳಿಗೆ ಅವಳಮ್ಮನ ವಿಷಯ ಹೇಳಬೇಕಂತೆ. ವೆಲ್ಮಾ ತತ್ತರಿಸಿಹೋದಳು. ಆ ಸೀಮೆಗೆಲ್ಲ ಸನ್ನೆ ಚೆನ್ನಾಗಿ ಬಲ್ಲ, ಕಿವಿಯೂ ಕೇಳುವ ಒಬ್ಬಳೇ ಹೆಂಗಸು ಪಾದ್ರಿಯ ಹೆಂಡತಿ. ಅವಳು ಒಮಾಹಾಗೆ ಹೋಗಿದ್ದಳು, ಬರುವುದು ಭಾನುವಾರ. ನಾನು ಬರ್ತೀನಿ ಎಂದ ಡ್ವೈಟ್. ಹುಡುಗನ ಮನಸ್ಸು ಒಳ್ಳೆಯದೇ, ಇಲ್ಲವೆನ್ನಲಾರೆ. ಕೆಲಸ ಕೆಡಿಸುವವರ ಮನಸ್ಸು ಸಾಮಾನ್ಯವಾಗಿ ಒಳ್ಳೆಯದೇ ಇರುತ್ತದೆ.

ಹಾಸಿಗೆಯ ಪಕ್ಕದಲ್ಲಿ ವೆಲ್ಮಾ ಪುಸ್ತಕ, ಪೆನ್ನು ಹೊರತೆಗೆದಳು. ಡ್ವೈಟ್ ಬೇಡವೆಂದು ತಲೆಯಾಡಿಸಿ, ಹೆಮ್ಮೆಯಿಂದ ಎರಡು ಕೈ ಎತ್ತಿದ. ಇಲ್ಲಿ ತಪ್ಪಿದ್ದು ವೆಲ್ಮಾಳೇ. ಹುಟ್ಟಿದಾರಭ್ಯ ಅಪ್ಪನ ಎದುರು, ಅವಳಿಗೋಸ್ಕರ, ಕಿವಿ ಕೇಳುವವರೊಬ್ಬರು ಕೈ ಎತ್ತಿದ್ದು ಅದೇ ಮೊದಲು. ಅವಳ ಎದೆ ತುಂಬಿ ಬಂತು. ಪುಸ್ತಕವನ್ನು ಚೀಲಕ್ಕೆ ಹಾಕಿಬಿಟ್ಟಳು.

ಆ ಕೈಗಳನ್ನು ಕಂಡು ಮುದುಕನ ಕಣ್ಣಲ್ಲಿ ನೀರು ಬಂತು. ಅವನು ಮಾತು ಶುರು ಮಾಡಿದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ವೆಲ್ಮಾಗೆ ತುಟಿ ತಿಳಿಯಲಿಲ್ಲ. ಡ್ವೈಟ್‌ನ ಕೈ ನೋಡಿದಳು. ಅಮ್ಮ. ನೋವು. ಕೈ ಗಾಳಿಯಲ್ಲಿ ನಿಂತಿತು, ಮುದುಕನ ಬಾಯಿ ನಿಲ್ಲಲಿಲ್ಲ. ಬಾ. ನೀನು ಬಾ. ಹೊರಗೆ ಚಳಿ. ಮತ್ತೆ ಕೈ ನಿಂತಿತು. ಅಮ್ಮ ಕೊಡು. ಏನು ಕೊಡು, ಯಾರಿಗೆ ಎಂದು ವೆಲ್ಮಾ ಕೇಳಿದರೆ, ಡ್ವೈಟ್ ಸ್ವಲ್ಪ ತಡೆಯಿರಿ ಎಂದು ಅಂಗೈ ತೋರಿಸಿದ. ಅಪ್ಪನ ಮಾತು ತುಂಡಾಗಬಾರದೆಂದು ಅವಳು ಸುಮ್ಮನಾದಳು. ಇನ್ನೂ. ಇನ್ನೂ. ಅಪ್ಪ ಕೆಟ್ಟ. ತಪ್ಪಾಯ್ತು. ಅಪ್ಪಿಕೋ.

ಇಪ್ಪತ್ತೈದು ನಿಮಿಷ ಮಾತಾಡಿ ಆರ್ಲೋ ದಿಂಬಿಗೆ ಒರಗಿದ. ಮೂಟೆ ಇಳಿಸಿದ ಹಮಾಲಿಯ ಹಾಗೆ ಅವನ ಮುಖ ಹಗುರಾಗಿತ್ತು. ಮಗಳ ಕೈ ಹಿಡಿದು, ಎಲ್ಲ ಹೇಳಿದೆನಲ್ಲ ಎಂಬಂತೆ ತಲೆಯಾಡಿಸಿ ನಿದ್ದೆಹೋದ.

ಹೊರಗೆ ನಿಂತಿದ್ದ ಕಾರಿನಲ್ಲಿ ವೆಲ್ಮಾ ಪುಸ್ತಕವನ್ನು ಡ್ವೈಟ್‌ನ ತೊಡೆಯ ಮೇಲಿಟ್ಟು, ಎಲ್ಲವನ್ನೂ ಬರೆ ಎಂದು ಸನ್ನೆ ಮಾಡಿದಳು. ಅವನು ಬರೆದದ್ದು ನಾಲ್ಕು ಸಾಲು. ಅಮ್ಮನಿಗೆ ತುಂಬ ಕಾಯಿಲೆಯಾಗಿತ್ತು. ನಿಮ್ಮನ್ನು ನೆನೆಸಿಕೊಂಡರು. ಕರೆಸದೇ ಇದ್ದದ್ದು ತಪ್ಪಾಯಿತೆಂದು ಅಪ್ಪ ಅತ್ತರು. ಅವರಿಗೆ ನಿಮ್ಮ ಮೇಲೆ ಪ್ರೀತಿ.

ವೆಲ್ಮಾ ಕೆಳಗೆ ಬರೆದಳು: "ಅಮ್ಮ ಏನೋ ಕೊಡು ಅಂದ್ಲಲ್ಲ, ಏನದು? ಅವಳು ಏನಂದ್ಲೋ ಅದನ್ನ ಹಾಗಾಗೇ ಬರಿ."

ಡ್ವೈಟ್ ಪುಸ್ತಕ ಎಳೆದುಕೊಂಡು ಬರೆದ. ಅವನ ಕಿವಿ ಕೆಂಪಾಯಿತು.

"ಯಾವುದೋ ಬಟ್ಟೆ ವಿಷಯ ಅನ್ಸತ್ತೆ ಮಿಸ್ ವೆಲ್ಮಾ. ಒಂದು ಹೆಸರೂ ಹೇಳಿದ್ರು. ಸನ್ನೆ ಗೊತ್ತಿಲ್ದೇ ಇರೋದನ್ನೆಲ್ಲ ಬಿಟ್ಬಿಟ್ಟೆ. ಗೊತ್ತಿರೋ ಸನ್ನೆ ಹುಡುಕೋ ಗಡಿಬಿಡೀಲಿ ಮುಂದಿನದು ಸರಿಯಾಗಿ ಕೇಳಿಸ್ಕೊಳ್ಲೇ ಇಲ್ಲ."

ಅವಳು ಇಳಿದು ವೃದ್ಧಾಶ್ರಮದ ಒಳಗೆ ಓಡಿದಳು. ಮಲಗಿದ್ದಾರೆ, ಎಬ್ಬಿಸಕೂಡದು, ಬೆಳಿಗ್ಗೆ ಬನ್ನಿ ಎಂದು ನರ್ಸ್ ಚೀಟಿ ಬರೆದು ಕೊಟ್ಟಳು. ಬೆಳಿಗ್ಗೆ ಏಳಕ್ಕೆ ಹೋದಾಗ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದರು.

ಸೋಮವಾರ ಆರ್ಲೋನನ್ನು ಮಣ್ಣು ಮಾಡಿದರು. ಒಮಾಹಾದಿಂದ ಬಂದಿದ್ದ ಪಾದ್ರಿಯ ಹೆಂಡತಿ ಪೆಟ್ಟಿಗೆಯ ಪಕ್ಕ ನಿಂತು, ಗಂಡ ಹೇಳಿದ್ದನ್ನೆಲ್ಲ ವೆಲ್ಮಾಳ ಭಾಷೆಯಲ್ಲಿ ಒಂದಕ್ಷರ ಬಿಡದೆ, ಬಹಳ ಸೊಗಸಾಗಿ ಹೇಳಿದಳು. ಸತ್ತವನ ದೈವಭಕ್ತಿ, ದುಡಿಮೆ, ಶಾಂತ ಸ್ವಭಾವ, ಎಲ್ಲವೂ ಅದರಲ್ಲಿತ್ತು. ವೆಲ್ಮಾ ಕಣ್ಣು ಮಿಟುಕಿಸದೆ ಪೂರ್ತಿ ನೋಡಿದಳು. ಆರ್ಲೋ ಬದುಕಿದ್ದಾಗ ಪಾದ್ರಿ ಅವನ ಮುಖವನ್ನು ಒಮ್ಮೆಯೂ ಕಂಡವನಲ್ಲ.