ಗೇಟಿನ ರಿಜಿಸ್ಟರ್

ಕೈಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು, ಮರಗಳ ನಡುವೆ ಕಟ್ಟಿದ ಬಾವುಟಗಳನ್ನು ಹುಡುಕುತ್ತ ಓಡುವ ಪಂದ್ಯ ಅದು. ಎಂಬತ್ತರ ದಶಕದಲ್ಲಿ ಜಾಲಹಳ್ಳಿಯ ನೀಲಗಿರಿ ತೋಪುಗಳಿಗೆ ಹೊರದೇಶದವರೂ ಬಂದು ಓಡಿದರು. ಭಾರತ ತಂಡದ ಬೇಕುಬೇಡ ನೋಡಿಕೊಳ್ಳಲು ನಮ್ಮ ಫ್ಯಾಕ್ಟರಿಯವರು ನನ್ನನ್ನು ಕಳಿಸಿದ್ದರು. ಮೂರನೇ ದಿನಕ್ಕೇ ನನ್ನ ಕಾಲು ಸೋತುಹೋಗಿತ್ತು.

ಅವತ್ತು ನಮ್ಮ ಒಳ್ಳೆಯ ಓಟಗಾರ ಇಪ್ಪತ್ತು ನಿಮಿಷ ತಡವಾಗಿ ಬಂದು ಕುಸಿದ. ನಕ್ಷೆಯಲ್ಲಿ ತೋಪು ಇದ್ದ ಕಡೆ ಪೀಣ್ಯದ ಹೊಸ ಕಾರ್ಖಾನೆ ಶೆಡ್ಡೊಂದರ ಕಾಂಪೌಂಡ್ ಎದ್ದಿತ್ತಂತೆ. ಒಳಗಿಂದಲೇ ದಾಟೋಣವೆಂದು ಹೋದವನನ್ನು ವಾಚ್‌ಮನ್ ಹಿಡಿದು, ರಿಜಿಸ್ಟರಿನಲ್ಲಿ ಎಲ್ಲ ಬರೆಸಿ, ಮ್ಯಾನೇಜರ್ ಬರುವವರೆಗೂ ಕೂರಿಸಿದ್ದನಂತೆ.

ಅಲ್ಲಿ ಕೂತ ಹೊತ್ತನ್ನು ಅವನ ಲೆಕ್ಕದಿಂದ ಕಳೆಯಲು ಆ ರಿಜಿಸ್ಟರೇ ನಮಗೆ ಸಾಕ್ಷಿ ಅಂತ ಶೆಡ್ಡಿಗೆ ನಾನೇ ಓಡಿದೆ.

“ಅಂಗೆಲ್ಲ ಬುಕ್ಕು ಗೇಟ್ ದಾಟಂಗಿಲ್ಲ ಸಾರ್,” ಅಂದ ವಾಚ್‌ಮನ್. ಗೋಗರೆದೆ. ಕೊನೆಗೆ ಚೀಟಿ ಬರೆಸಿಕೊಂಡು ಕೊಟ್ಟ.

ಅವನು ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡನ್ನೂ ರಿಜಿಸ್ಟರಿನಲ್ಲಿ ನೋಡಿ ತೀರ್ಪುಗಾರರು ತಲೆದೂಗಿದರು. ಆಮೇಲೆ ನಿಯಮದ ಹಾಳೆ ತೆಗೆದರು. ಯಾವ ಕಾಂಪೌಂಡಿನೊಳಗೂ ಕಾಲಿಡಕೂಡದು, ಇಟ್ಟವನು ಪಂದ್ಯದಿಂದ ಹೊರಗೆ. ನಾನು ಸುಮ್ಮನಿದ್ದಿದ್ದರೆ ಅವನು ತಡವಾಗಿಯಾದರೂ ಪಟ್ಟಿಯಲ್ಲಿ ಇರುತ್ತಿದ್ದ. ಆ ನಿಯಮಗಳನ್ನು ನಮ್ಮ ತಂಡಕ್ಕೆ ಟೈಪ್ ಮಾಡಿ ಹಂಚಿದವನೂ ನಾನೇ.

“ಬಿಡಿ ಸಾರ್,” ಅಂದ ಓಟಗಾರ, ಶೂ ಬಿಚ್ಚುತ್ತ. ಬೈದಿದ್ದರೆ ವಾಸಿಯಿತ್ತು.

ಸಂಜೆ ರಿಜಿಸ್ಟರ್ ವಾಪಸು ಕೊಡಲು ಹೋದೆ. ವಾಚ್‌ಮನ್ ಅದನ್ನೇ ಬಿಡಿಸಿ ನನ್ನ ಮುಂದಿಟ್ಟು, ಪೆನ್ನು ಕೊಟ್ಟ.

“ಬಂದ ಕಾರಣ ಬರೀರಿ ಸಾರ್.”

ಆ ಕಾಲಮ್ಮಿನಲ್ಲಿ ಎರಡು ಬೆರಳಿನಷ್ಟೇ ಜಾಗವಿತ್ತು.